ಕೋರ್ಟಿನ ನಿಯಮ ಬರೆಯುವ ಲೇಖನಿ ಯಾರ ಕೈಯಲ್ಲಿರಬೇಕು?

ಸಿವಿಲ್ ದಾವೆಯಲ್ಲಿ ಸಮನ್ಸ್ ಕೈಸೇರಿದ ದಿನದಿಂದ 30 ದಿನಗಳೊಳಗೆ ಪ್ರತಿವಾದಿ ತನ್ನ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ಬರೆದಿಟ್ಟು ನ್ಯಾಯಾಲಯ ಈ ಗಡುವನ್ನು ಮುಂದೂಡಬಹುದು, ಆದರೆ 90 ದಿನ ದಾಟುವಂತಿಲ್ಲ. ವಕೀಲರು ‘ಸಿಪಿಸಿ’ ಎಂದು ಕರೆಯುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 1ನೇ ನಿಯಮ ಹೇಳುವುದು ಇಷ್ಟೇ. ಓದಿದರೆ ಸಂದೇಹಕ್ಕೆ ಎಡೆಯೇ ಕಾಣದು. ಆದರೆ ವರ್ಷಗಟ್ಟಲೆ ನಡೆದ ಸಿವಿಲ್ ದಾವೆಯೊಂದರ ಆರ್ಡರ್ ಶೀಟ್ ತಿರುವಿದರೆ ಬೇರೆಯದೇ ಕತೆ ಕಾಣಸಿಗುತ್ತದೆ. ಮೊದಲ ವಾಯಿದೆ: ‘ಪ್ರತಿವಾದಿ ಪರ ವಕಾಲತ್ತು ಹಾಜರು. ಲಿಖಿತ ಹೇಳಿಕೆಗೆ ಕಾಲಾವಕಾಶ ಕೋರಿದೆ.’ ಎರಡನೆಯ ವಾಯಿದೆ: ‘ಕಾಲಾವಕಾಶ ನೀಡಿದೆ.’ ಮುಂದೆ ‘ಕೊನೆಯ ಅವಕಾಶ’. ಅದಾದ ಮೇಲೆ ‘ಖರ್ಚು ವಿಧಿಸಿ ಅವಕಾಶ’. ಒಂದು ಹಂತದಲ್ಲಿ ‘ಲಿಖಿತ ಹೇಳಿಕೆ ಇಲ್ಲವೆಂದು ಪರಿಗಣಿಸಿದೆ’ ಎಂದೂ ಬರುತ್ತದೆ. ಕೆಲವು ತಿಂಗಳ ನಂತರ ಮಧ್ಯಂತರ ಅರ್ಜಿಯೊಂದು ಮಂಜೂರಾಗಿ ಅದೇ ಲಿಖಿತ ಹೇಳಿಕೆ ಕಡತಕ್ಕೆ ಸೇರುತ್ತದೆ.

ಇದನ್ನು ನ್ಯಾಯಾಧೀಶರ ಉದಾಸೀನ ಎಂದಾಗಲಿ, ವಕೀಲರ ಚಾಲಾಕಿತನ ಎಂದಾಗಲಿ ತಳ್ಳಿಹಾಕುವುದು ಸುಲಭ. ಆದರೆ ಆ ಸಾಲುಗಳ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ. ನ್ಯಾಯಾಲಯ ಹೇಗೆ ನಡೆಯಬೇಕು ಎಂಬ ನಿಯಮವನ್ನು ಬರೆಯುವ ಅಧಿಕಾರ ಯಾರದು? ಜನ ಆರಿಸಿ ಕಳಿಸಿದ ಶಾಸಕಾಂಗದ್ದೋ, ದಿನವೂ ಆ ಪೀಠದ ಮೇಲೆ ಕೂರುವ ನ್ಯಾಯಾಂಗದ್ದೋ? ಸಂಸತ್ತು ಬರೆದ ಗಡುವನ್ನು ನ್ಯಾಯಾಲಯ ಸಡಿಲಿಸಬಹುದೇ? ನ್ಯಾಯಾಲಯವೇ ಬರೆದುಕೊಂಡ ನಿಯಮವನ್ನು ಸಂಸತ್ತು ಅಳಿಸಬಹುದೇ? ಇವು ಕಾನೂನು ಕಾಲೇಜಿನ ತರಗತಿಯಲ್ಲೇ ಮುಗಿಯುವ ಪ್ರಶ್ನೆಗಳಲ್ಲ. ಜಮೀನಿನ ಪಾಲಿಗಾಗಿ, ಜೀವನಾಂಶಕ್ಕಾಗಿ, ಬಾಕಿ ಹಣಕ್ಕಾಗಿ ಕೋರ್ಟು ಹತ್ತಿದವರ ಬದುಕಿನ ಎಷ್ಟು ವರ್ಷ ಅಲ್ಲಿ ಸವೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಇವುಗಳ ಉತ್ತರವೇ.

ಹಕ್ಕು ಯಾರಿಗಿದೆ ಎಂದು ಹೇಳುವ ಕಾನೂನು ಬೇರೆ, ಆ ಹಕ್ಕನ್ನು ಯಾವ ದಾರಿಯಲ್ಲಿ ಪಡೆಯಬೇಕೆಂದು ಹೇಳುವ ಕಾನೂನು ಬೇರೆ. ತಂದೆಯ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಎನ್ನುವುದು ಮೊದಲನೆಯ ಬಗೆ. ಆ ಪಾಲಿಗೆ ಎಲ್ಲಿ ದಾವೆ ಹೂಡಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು, ಸಾಕ್ಷಿ ವಿಚಾರಣೆ ಹೇಗೆ, ಡಿಕ್ರಿ ಬಂದ ಮೇಲೆ ಅಮಲ್ಜಾರಿ ಹೇಗೆ ಎನ್ನುವುದು ಎರಡನೆಯ ಬಗೆ. ಪತ್ರಿಕೆಗಳ ಮುಖಪುಟದಲ್ಲಿ ಚರ್ಚೆಯಾಗುವುದು ಮೊದಲನೆಯದು. ಕಕ್ಷಿದಾರರನ್ನು ಹಣ್ಣುಗಾಯಿ ನೀರುಗಾಯಿ ಮಾಡುವುದು ಎರಡನೆಯದು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಜನರ ಮಾತು ಹುಟ್ಟಿದ್ದು ಈ ಎರಡನೆಯ ಬಗೆಯ ಕಾನೂನಿನ ಅನುಭವದಿಂದ.

1908ರ ಜಾಣ ಏರ್ಪಾಡು

ನಮ್ಮ ದೇಶದ ಮೊದಲ ಸಿವಿಲ್ ಪ್ರಕ್ರಿಯಾ ಸಂಹಿತೆ ಬಂದದ್ದು 1859ರಲ್ಲಿ. 1877 ಮತ್ತು 1882ರಲ್ಲಿ ಅದನ್ನು ಹೊಸದಾಗಿ ಬರೆಯಲಾಯಿತು. ಹಳೆಯ ಸಂಹಿತೆಗಳಲ್ಲಿ ಸಣ್ಣ ವಿವರವೂ ಕಾಯ್ದೆಯ ಕಲಮೇ ಆಗಿತ್ತು. ಒಂದು ಪದ ಬದಲಿಸಬೇಕಾದರೂ ಶಾಸಕಾಂಗದ ಬಾಗಿಲಿಗೇ ಹೋಗಬೇಕಿತ್ತು. 1908ರ ಸಂಹಿತೆ ಈ ಕಷ್ಟಕ್ಕೆ ಪರಿಹಾರ ಹುಡುಕಿತು. ಕಾನೂನನ್ನು ಅದು ಎರಡು ಭಾಗ ಮಾಡಿತು. ಮೊದಲ ಭಾಗದಲ್ಲಿ 158 ಕಲಮುಗಳು: ನ್ಯಾಯಾಲಯದ ಅಧಿಕಾರವ್ಯಾಪ್ತಿ, ಮೇಲ್ಮನವಿಯ ಹಕ್ಕು, ಅಮಲ್ಜಾರಿಯ ಮೂಲತತ್ವ ಇತ್ಯಾದಿ. ಎರಡನೆಯ ಭಾಗ ಮೊದಲ ಅನುಸೂಚಿ. ವಾದಪತ್ರ ಹೇಗಿರಬೇಕು, ಸಮನ್ಸ್ ಹೇಗೆ ಜಾರಿಯಾಗಬೇಕು, ತಡೆಯಾಜ್ಞೆ ಹೇಗೆ ಕೇಳಬೇಕು ಎಂಬ ದೈನಂದಿನ ವಿವರಗಳೆಲ್ಲ ಅಲ್ಲಿ ‘ಆದೇಶ’ ಮತ್ತು ‘ನಿಯಮ’ಗಳ ರೂಪದಲ್ಲಿವೆ.

ಕಲಮುಗಳನ್ನು ಮುಟ್ಟುವ ಅಧಿಕಾರ ಶಾಸಕಾಂಗಕ್ಕೆ ಮಾತ್ರ. ಅನುಸೂಚಿಯ ನಿಯಮಗಳನ್ನು ಹೈಕೋರ್ಟ್ ಕೂಡ ಬದಲಿಸಬಹುದು, ರದ್ದು ಮಾಡಬಹುದು, ಹೊಸದನ್ನು ಸೇರಿಸಬಹುದು. 122ನೇ ಕಲಮು ಕೊಟ್ಟಿರುವ ಅಧಿಕಾರ ಇದು. ಆದರೆ ನ್ಯಾಯಮೂರ್ತಿಗಳು ತಮ್ಮ ಕೊಠಡಿಯಲ್ಲಿ ಕುಳಿತು ಬರೆದ ಮಾತ್ರಕ್ಕೆ ನಿಯಮ ಹುಟ್ಟುವುದಿಲ್ಲ. ಅದು ಸಾಗಬೇಕಾದ ದಾರಿಯನ್ನು ಸಂಹಿತೆಯೇ ಹಾಕಿಕೊಟ್ಟಿದೆ. 123ನೇ ಕಲಮಿನಂತೆ ಒಂದು ನಿಯಮ ಸಮಿತಿ ಇರಬೇಕು. ಅದರಲ್ಲಿ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು, ಇಬ್ಬರು ವಕೀಲರು, ಅಧೀನ ಸಿವಿಲ್ ನ್ಯಾಯಾಲಯದ ಒಬ್ಬ ನ್ಯಾಯಾಧೀಶರು. ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರಾದರೂ ಜಿಲ್ಲಾ ನ್ಯಾಯಾಧೀಶರಾಗಿ ಮೂರು ವರ್ಷ ಕೆಲಸ ಮಾಡಿದವರಾಗಿರಬೇಕು. ಸಮಿತಿಯ ವರದಿಯನ್ನು ಹೈಕೋರ್ಟ್ ಪರಿಗಣಿಸಬೇಕು. ಕರಡನ್ನು ಮುಂಚಿತವಾಗಿ ಪ್ರಕಟಿಸಬೇಕು. 126ನೇ ಕಲಮಿನಂತೆ ರಾಜ್ಯ ಸರ್ಕಾರದ ಪೂರ್ವಾನುಮೋದನೆ ಪಡೆಯಬೇಕು. ಕೊನೆಗೆ ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಆಗ ಆ ನಿಯಮಕ್ಕೆ ಸಂಹಿತೆಯ ಮೊದಲ ಅನುಸೂಚಿಯಲ್ಲೇ ಇದ್ದಷ್ಟು ಬಲ. ಒಂದೇ ಕಟ್ಟು: ಕಲಮುಗಳ ವಿರುದ್ಧ ಅದು ಹೋಗಬಾರದು.

ಈ ಏರ್ಪಾಡಿನ ಹಿಂದಿನ ತಿಳಿವಳಿಕೆಯನ್ನು ನಾನು ಗೌರವಿಸುತ್ತೇನೆ. ಅಮೀನ ಹಳ್ಳಿಗೆ ಹೋಗಿ ಸಮನ್ಸ್ ಜಾರಿ ಮಾಡುವಾಗ ಏನಾಗುತ್ತದೆ, ಶಿರಸ್ತೇದಾರರ ಮೇಜಿನ ಮೇಲೆ ಕಡತ ಎಲ್ಲಿ ನಿಲ್ಲುತ್ತದೆ ಎಂಬುದು ದಿಲ್ಲಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಜಿಲ್ಲಾ ನ್ಯಾಯಾಧೀಶರಾಗಿ ಕೆಲಸ ಮಾಡಿದವರಿಗೆ ತಿಳಿಯುತ್ತದೆ. ಸಮಿತಿಯಲ್ಲಿ ಅಂಥವರು ಇರಲೇಬೇಕು ಎಂದು ನೂರು ವರ್ಷಕ್ಕೂ ಹಿಂದೆ ಬರೆದವರಿಗೆ ನೆಲದ ಅರಿವಿತ್ತು.

ಕರ್ನಾಟಕಕ್ಕೆ ಈ ಅಧಿಕಾರದ ಬೆಲೆ ಚೆನ್ನಾಗಿಯೇ ಗೊತ್ತಾಗಿದೆ. 1956ರಲ್ಲಿ ರಾಜ್ಯ ಒಂದಾದಾಗ ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು ಮತ್ತು ಹಳೆಯ ಮೈಸೂರಿನ ಭಾಗಗಳು ಕೂಡಿಕೊಂಡವು. ಧಾರವಾಡದ ವಕೀಲರು ಮುಂಬೈ ಹೈಕೋರ್ಟಿನ ಪದ್ಧತಿಗೆ, ಮಂಗಳೂರಿನವರು ಮದ್ರಾಸಿನ ಪದ್ಧತಿಗೆ ಒಗ್ಗಿದ್ದವರು. ರಾಜ್ಯ ಒಂದಾದರೂ ಕೋರ್ಟಿನ ಪದ್ಧತಿ ಒಂದಾಗಿರಲಿಲ್ಲ. ಹೈಕೋರ್ಟ್ 1967ರಲ್ಲಿ ಸಂಹಿತೆಯ ಅನುಸೂಚಿಗೆ ತಂದ ತಿದ್ದುಪಡಿಗಳು ಮತ್ತು ಅದೇ ವರ್ಷದ ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್ ಸಿವಿಲ್ ನ್ಯಾಯಾಲಯಗಳಿಗೆ ಒಂದೇ ಬಗೆಯ ನಡೆಯನ್ನು ಕೊಟ್ಟವು. ಏಕೀಕರಣದ ಇತಿಹಾಸದಲ್ಲಿ ಈ ಪುಟವನ್ನು ಯಾರೂ ಹೆಚ್ಚು ನೆನೆಯುವುದಿಲ್ಲ. ನೆನೆಯಬೇಕು.

ಸಂವಿಧಾನ ಎಳೆದ ಗೆರೆ

ಸಂವಿಧಾನ ಬರೆದವರು ಈ ಹಂಚಿಕೆಯನ್ನು ಮುಂದುವರಿಸಿದರು. 145ನೇ ವಿಧಿ ಸುಪ್ರೀಂ ಕೋರ್ಟಿಗೆ ತನ್ನ ಪದ್ಧತಿ ಮತ್ತು ಪ್ರಕ್ರಿಯೆಯ ನಿಯಮ ರಚಿಸುವ ಅಧಿಕಾರ ಕೊಡುತ್ತದೆ. ಆದರೆ ಆ ವಿಧಿ ಆರಂಭವಾಗುವುದೇ ಸಂಸತ್ತು ಮಾಡಿದ ಕಾನೂನಿಗೆ ಒಳಪಟ್ಟು ಎಂಬ ಷರತ್ತಿನಿಂದ. ಜತೆಗೆ ರಾಷ್ಟ್ರಪತಿಯ ಅನುಮೋದನೆಯೂ ಬೇಕು. 225ನೇ ವಿಧಿ ಹೈಕೋರ್ಟುಗಳ ಹಿಂದಿನ ನಿಯಮ ರಚನಾ ಅಧಿಕಾರವನ್ನು ಉಳಿಸುತ್ತದೆ, ಅದನ್ನೂ ಶಾಸಕಾಂಗದ ಕಾನೂನಿಗೆ ಒಳಪಡಿಸಿ. 227ನೇ ವಿಧಿಯಡಿ ಅಧೀನ ನ್ಯಾಯಾಲಯಗಳಿಗೆ ಹೈಕೋರ್ಟ್ ಮಾಡುವ ಸಾಮಾನ್ಯ ನಿಯಮಗಳು ಜಾರಿಯಲ್ಲಿರುವ ಕಾನೂನಿಗೆ ವಿರುದ್ಧವಾಗಬಾರದು, ರಾಜ್ಯಪಾಲರ ಪೂರ್ವಾನುಮೋದನೆಯೂ ಇರಬೇಕು. ಸಿವಿಲ್ ಪ್ರಕ್ರಿಯೆ ಸಮವರ್ತಿ ಪಟ್ಟಿಯಲ್ಲಿ ಇರುವುದರಿಂದ ರಾಜ್ಯದ ವಿಧಾನಮಂಡಲಕ್ಕೂ ಇದರಲ್ಲಿ ಪಾಲುಂಟು.

ಹೀಗಾಗಿ ನಮ್ಮ ದೇಶದಲ್ಲಿ ಉತ್ತರ ಕಾಗದದ ಮೇಲೆ ಸ್ಪಷ್ಟವಾಗಿದೆ. ಲೇಖನಿ ನ್ಯಾಯಾಲಯದ ಕೈಯಲ್ಲಿ, ಕೊನೆಯ ಮಾತು ಶಾಸಕಾಂಗದ್ದು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1950ರಲ್ಲಿ ವಿನ್‌ಬೆರಿ ಪ್ರಕರಣದಲ್ಲಿ, ಪ್ರಕ್ರಿಯೆಯ ವಿಷಯದಲ್ಲಿ ತನ್ನ ನಿಯಮವನ್ನು ಶಾಸಕಾಂಗ ಮೀರಲಾರದು ಎಂದಿತು. ಅಂಥ ಮಾತು ನಮ್ಮ ಸಂವಿಧಾನದ ಚೌಕಟ್ಟಿನಲ್ಲಿ ನಿಲ್ಲದು.

ಈ ಇಬ್ಬರ ಮೇಲೂ ಮೂರನೆಯದೊಂದು ಹಿಡಿತವಿದೆ, ಅದು ನಾಗರಿಕರ ಮೂಲಭೂತ ಹಕ್ಕು. ಸುಪ್ರೀಂ ಕೋರ್ಟಿನ ನಿಯಮಗಳಲ್ಲಿ 35ನೇ ಆದೇಶದ 12ನೇ ನಿಯಮ ಎಂಬುದೊಂದಿತ್ತು. 32ನೇ ವಿಧಿಯಡಿ ಮೂಲಭೂತ ಹಕ್ಕಿನ ರಕ್ಷಣೆ ಕೇಳಿ ಬಂದವರಿಂದಲೂ ಎದುರುದಾರರ ಖರ್ಚಿಗೆ ಭದ್ರತೆ ಕೇಳಲು ಅದು ಅವಕಾಶ ಕೊಡುತ್ತಿತ್ತು. ಪ್ರೇಮ್ ಚಂದ್ ಗರ್ಗ್ ಪ್ರಕರಣದಲ್ಲಿ ಅರ್ಜಿದಾರರಿಗೆ 2,500 ರೂಪಾಯಿ ಠೇವಣಿ ಇಡಲು ಹೇಳಲಾಯಿತು. ಅವರು ಆ ನಿಯಮವನ್ನೇ ಪ್ರಶ್ನಿಸಿದರು. 1962ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ಬಹುಮತದ ತೀರ್ಪು, ಭದ್ರತೆ ಕೇಳುವ ಮಟ್ಟಿಗೆ ಆ ನಿಯಮ ಅಸಿಂಧು ಎಂದಿತು. ಹಣವಿಲ್ಲದವನಿಗೆ ಹಕ್ಕಿನ ಬಾಗಿಲು ಮುಚ್ಚುವ ನಿಯಮವನ್ನು ಬರೆದವರು ಯಾರೇ ಆಗಿರಲಿ, ಅದು ಉಳಿಯದು. ತಾನೇ ಬರೆದ ನಿಯಮವನ್ನು ತಾನೇ ಹೊಡೆದುಹಾಕಿದ ಆ ದಿನ ನಮ್ಮ ಸುಪ್ರೀಂ ಕೋರ್ಟಿನ ಹೆಮ್ಮೆಯ ದಿನಗಳಲ್ಲಿ ಒಂದು.

ತೊಂಬತ್ತು ದಿನಗಳ ಜಗ್ಗಾಟ

ಈಗ 90 ದಿನಗಳ ಗಡುವಿಗೆ ಬರೋಣ. ಶಾಸಕಾಂಗ ಮತ್ತು ನ್ಯಾಯಾಂಗದ ಜಗ್ಗಾಟ ಇಷ್ಟು ನಿಚ್ಚಳವಾಗಿ ಕಾಣುವ ಮತ್ತೊಂದು ಜಾಗ ನನಗೆ ತೋಚುವುದಿಲ್ಲ.

1999ರಲ್ಲಿ ಸಂಸತ್ತು ಸಿಪಿಸಿಗೆ ದೊಡ್ಡ ತಿದ್ದುಪಡಿ ತಂದಿತು. ವಿಳಂಬಕ್ಕೆ ಕಡಿವಾಣ ಹಾಕುವುದು ಅದರ ಉದ್ದೇಶ. ಲಿಖಿತ ಹೇಳಿಕೆಗೆ 30 ದಿನ, ಅದರಾಚೆ ಒಂದು ದಿನವೂ ಇಲ್ಲ ಎಂದು ಅದು ಹೇಳಿತು. ದೇಶದಾದ್ಯಂತ ವಕೀಲರು ವಿರೋಧಿಸಿದರು. ಕಾಯ್ದೆ ಅಂಗೀಕಾರವಾದರೂ ಜಾರಿಗೆ ಬರಲಿಲ್ಲ. 2002ರಲ್ಲಿ ಮತ್ತೊಂದು ತಿದ್ದುಪಡಿ ಬಂದು ಗಡುವನ್ನು 90 ದಿನದವರೆಗೆ ಹಿಗ್ಗಿಸಿತು. ಎರಡೂ ಸೇರಿ 2002ರ ಜುಲೈ 1ರಿಂದ ಜಾರಿಯಾದವು. ಸೇಲಂ ವಕೀಲರ ಸಂಘ ಸುಪ್ರೀಂ ಕೋರ್ಟಿನ ಕದ ತಟ್ಟಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯಾಯಾಲಯ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅವು ಸರಿಯಾಗಿ ಜಾರಿಯಾಗುವುದು ಹೇಗೆ ಎಂದು ಹೇಳಲು ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. 2005ರ ಏಪ್ರಿಲ್‌ನಲ್ಲಿ ಕೈಲಾಶ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ಪೀಠ 90 ದಿನದ ಗಡುವು ನಿರ್ದೇಶನ ರೂಪದ್ದೇ ಹೊರತು ಕಡ್ಡಾಯವಲ್ಲ ಎಂದಿತು. ಆಗಸ್ಟ್‌ನಲ್ಲಿ ಬಂದ ಸೇಲಂ ಪ್ರಕರಣದ ಎರಡನೆಯ ತೀರ್ಪು ಇದನ್ನೇ ಒಪ್ಪಿತು. ಅಸಾಧಾರಣ ಕಷ್ಟವಿದ್ದಾಗ ಮಾತ್ರ 90 ದಿನ ದಾಟಲು ಬಿಡಬಹುದು, ವಾಡಿಕೆಯಂತೆ ಬಿಡಕೂಡದು ಎಂದು ಎಚ್ಚರಿಕೆಯನ್ನೂ ಕೊಟ್ಟಿತು.

ತೀರ್ಪಿನ ತರ್ಕ ಅರ್ಥವಾಗುವಂಥದ್ದೇ. ಗಡುವು ದಾಟಿದರೆ ಏನಾಗಬೇಕು ಎಂದು ನಿಯಮ ಹೇಳಿರಲಿಲ್ಲ. ಸಮನ್ಸ್ ಬಂದಾಗ ಆಸ್ಪತ್ರೆಯಲ್ಲಿದ್ದ ಒಬ್ಬ ಮುದುಕ, ವಕೀಲರ ತಪ್ಪಿನಿಂದ ಸಿಕ್ಕಿಬಿದ್ದ ಒಬ್ಬ ಹೆಂಗಸು, ಒಂದು ದಿನ ತಡವಾದ ಕಾರಣಕ್ಕೆ ಮನೆಮಾರು ಕಳೆದುಕೊಳ್ಳಬೇಕೇ? ಪ್ರಕ್ರಿಯೆ ಇರುವುದು ನ್ಯಾಯ ಕೊಡಿಸಲು, ಜನರನ್ನು ಎಡವಿಸಲು ಅಲ್ಲ ಎಂಬ ದೃಷ್ಟಿ ನಮ್ಮ ಸುಪ್ರೀಂ ಕೋರ್ಟಿನಲ್ಲಿ 1950ರ ದಶಕದಿಂದಲೂ ಇದೆ. ಆದರೆ ಮೇಲಿನ ನ್ಯಾಯಾಲಯ ಅಪರೂಪಕ್ಕೆಂದು ತೆರೆದ ಕಿಂಡಿ ಕೆಳಗೆ ಬರುವಷ್ಟರಲ್ಲಿ ಹೆಬ್ಬಾಗಿಲಾಯಿತು. ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು ಎಂಬ 17ನೇ ಆದೇಶದ ಮಿತಿಗೂ ಇದೇ ಗತಿಯಾಯಿತು.

ಮುಂಬೈಯಲ್ಲಿ ಕತೆ ಇನ್ನೂ ಬೇರೆ. ಮುಂಬೈ ಹೈಕೋರ್ಟ್ ತನ್ನ ಮೂಲ ವಿಭಾಗದಲ್ಲಿ ನೇರವಾಗಿ ಸಿವಿಲ್ ದಾವೆ ನಡೆಸುತ್ತದೆ. ಅಂಥ ಹೈಕೋರ್ಟುಗಳಿಗೆ ಸಂಹಿತೆಯ 129ನೇ ಕಲಮು ವಿಶೇಷ ಸ್ವಾತಂತ್ರ್ಯ ಕೊಟ್ಟಿದೆ. 2005ರ ಆರಂಭದಲ್ಲಿ ಇರಿಡಿಯಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಲ್ಲಿ ನಡೆಯುವುದು ಆ ಹೈಕೋರ್ಟಿನದೇ ನಿಯಮ, ಸಂಸತ್ತಿನ 90 ದಿನ ಅನ್ವಯಿಸದು ಎಂದಿತು. ಕರ್ನಾಟಕ ಹೈಕೋರ್ಟಿಗೆ ಅಂಥ ಸಾಮಾನ್ಯ ಮೂಲ ಸಿವಿಲ್ ಅಧಿಕಾರವಿಲ್ಲ. ಬೆಂಗಳೂರಿನ ದಾವೆಗಳು ಹೋಗುವುದು ಸಿಟಿ ಸಿವಿಲ್ ಕೋರ್ಟಿಗೆ. ಒಂದೇ ದೇಶ, ಒಂದೇ ಸಂಹಿತೆ. ಆದರೂ ದಾವೆ ಎಲ್ಲಿ ಹೂಡಿದ್ದೀರಿ ಎಂಬುದರ ಮೇಲೆ ಗಡುವೇ ಬದಲಾಯಿತು.

ಸಂಸತ್ತು ಸುಮ್ಮನೆ ಕೂರಲಿಲ್ಲ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಲ್ಲಿ ಅದು ಮಾತನ್ನು ಬಿಗಿ ಮಾಡಿತು. ವಾಣಿಜ್ಯ ವ್ಯಾಜ್ಯಗಳಲ್ಲಿ 120 ದಿನ ಕಳೆದರೆ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ, ನ್ಯಾಯಾಲಯ ಅದನ್ನು ಕಡತಕ್ಕೆ ತೆಗೆದುಕೊಳ್ಳಕೂಡದು ಎಂದು ಬರೆಯಿತು. ಹೈಕೋರ್ಟಿನ ಯಾವ ನಿಯಮ ಇದಕ್ಕೆ ಅಡ್ಡ ಬಂದರೂ ಈ ಕಾಯ್ದೆಯದೇ ಮೇಲುಗೈ ಎಂದು 16ನೇ ಕಲಮಿನಲ್ಲಿ ಸೇರಿಸಿತು. 2019ರ ಫೆಬ್ರುವರಿಯಲ್ಲಿ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಲೆಬಾಗಿ, ಈ ಗಡುವು ಕಡ್ಡಾಯ ಎಂದಿತು. ಮರುವರ್ಷ ದೇಶ್ ರಾಜ್ ಪ್ರಕರಣದಲ್ಲಿ, ಸಾಮಾನ್ಯ ದಾವೆಗಳಿಗೆ ಹಳೆಯ ಸಡಿಲಿಕೆಯೇ ಮುಂದುವರಿಯುತ್ತದೆ ಎಂದು ಸ್ಪಷ್ಟಪಡಿಸಿತು.

ಪರಿಣಾಮ ಏನು ನೋಡಿ. ವಾಣಿಜ್ಯ ವ್ಯಾಜ್ಯದ ಕಂಪನಿಗೆ ಕಟ್ಟುನಿಟ್ಟಿನ ಗಡುವಿನ ರಕ್ಷಣೆ ಸಿಕ್ಕಿತು. ಊರಿನ ಜಮೀನಿನ ಪಾಲಿಗೆ ದಾವೆ ಹೂಡಿದ ಹೆಣ್ಣುಮಗಳಿಗೆ ಸಿಕ್ಕಿದ್ದು ಸಡಿಲ ಗಡುವು. ಇಬ್ಬರ ಮುಂದಿರುವುದೂ 8ನೇ ಆದೇಶದ 1ನೇ ನಿಯಮವೇ. ಹೂಡಿಕೆದಾರರ ದನಿ ಸಂಸತ್ತಿಗೆ ಕೇಳಿಸಿತು, ಆಕೆಯ ದನಿ ಕೇಳಿಸಲಿಲ್ಲ. ಈ ತಾರತಮ್ಯ ನನ್ನನ್ನು ಕಾಡುತ್ತದೆ, ಕಾಡಲೇಬೇಕು.

ನ್ಯಾಯಾಲಯವೇ ಗಡುವು ಬರೆದಾಗ

ಎದುರು ದಿಕ್ಕಿನಿಂದಲೂ ಒಂದು ಪ್ರಯೋಗ ನಡೆದಿದೆ. 1996ರಿಂದ 1999ರವರೆಗೆ ‘ಕಾಮನ್ ಕಾಸ್’ ಮತ್ತು ರಾಜ್ ದೇವ್ ಶರ್ಮಾ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟೇ ಕ್ರಿಮಿನಲ್ ಮೊಕದ್ದಮೆಗಳಿಗೆ ಕಾಲಮಿತಿ ಹಾಕಿತು. ಇಷ್ಟು ವರ್ಷದಲ್ಲಿ ವಿಚಾರಣೆ ಮುಂದುವರಿಯದಿದ್ದರೆ ಆರೋಪಿಯ ಬಿಡುಗಡೆ ಎಂಬ ರೀತಿಯ ನಿರ್ದೇಶನಗಳವು. ಅವುಗಳ ಪರಿಶೀಲನೆ ಆದದ್ದು ಕರ್ನಾಟಕದಿಂದ ಹೋದ ಮೇಲ್ಮನವಿಗಳಲ್ಲಿ. 2002ರ ಏಪ್ರಿಲ್‌ನಲ್ಲಿ ಪಿ. ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ತ್ವರಿತ ವಿಚಾರಣೆ ಆರೋಪಿಯ ಹಕ್ಕು ನಿಜ, ಆದರೆ ಎಲ್ಲ ಮೊಕದ್ದಮೆಗಳಿಗೂ ಒಂದೇ ಗಡುವು ಹಾಕುವುದು ಶಾಸನ ಮಾಡಿದಂತೆ, ಅದು ನ್ಯಾಯಾಲಯದ ಕೆಲಸವಲ್ಲ ಎಂದಿತು.

ಬಹುಮತದ ಆ ತೀರ್ಪು ಬರೆದವರು ಲಾಹೋಟಿ ಅವರೇ. ಅವರದೇ ಲೇಖನಿಯಿಂದ ಮೂರು ವರ್ಷದ ನಂತರ ಕೈಲಾಶ್ ತೀರ್ಪು ಬಂತು. ಒಂದೆಡೆ ನ್ಯಾಯಾಂಗ ಹಾಕಿದ ಗಡುವು, ಇನ್ನೊಂದೆಡೆ ಸಂಸತ್ತು ಹಾಕಿದ ಗಡುವು, ಎರಡೂ ಸಡಿಲಗೊಂಡವು. ಎರಡನ್ನೂ ಒಟ್ಟಿಗೆ ಓದಿದರೆ ಒಂದು ನಂಬಿಕೆ ಎದ್ದು ಕಾಣುತ್ತದೆ: ಪ್ರತಿ ಮೊಕದ್ದಮೆಯ ಹದ ಅದರ ಮುಂದೆ ಕುಳಿತ ನ್ಯಾಯಾಧೀಶರಿಗೇ ಗೊತ್ತು. ಈ ನಂಬಿಕೆಯಲ್ಲಿ ಮಾನವೀಯತೆಯಿದೆ. ಆದರೆ ಕಾಯುತ್ತ ಕುಳಿತವರ ಪರವಾಗಿ ಗಡಿಯಾರ ನೋಡುವವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ನ್ಯಾಯಾಲಯಗಳು ಗಡುವನ್ನು ಹಿಗ್ಗಿಸಲೇಬೇಕಾದ ಕಾಲವೂ ಬಂದಿತ್ತು. ಕೋವಿಡ್ ಬಂದು ಊರೂರು ಮುಚ್ಚಿದಾಗ, 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ದೇಶದ ಕಾಲಮಿತಿಗಳನ್ನೆಲ್ಲ ತಡೆದು ನಿಲ್ಲಿಸಿತು. 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿ ಲೆಕ್ಕಕ್ಕೇ ಬರಲಿಲ್ಲ. ಶಾಸಕಾಂಗ ಬರೆದ ಗಡುವುಗಳನ್ನು ನ್ಯಾಯಾಂಗ ಸರಿಸಿದ ಪ್ರಸಂಗ ಇದು. ಜನರ ಹಕ್ಕು ಉಳಿಯಲು ಅಂದು ಅದು ಅಗತ್ಯವಾಗಿತ್ತು.

ಅದೇ ಅಧಿಕಾರ ಅಳತೆ ಮೀರಿದ್ದೂ ಉಂಟು. ವಕೀಲರ ನಡವಳಿಕೆ ಸರಿಯಿಲ್ಲದಿದ್ದರೆ ಅವರು ವಾದಿಸದಂತೆ ತಾನೇ ತಡೆಯುವ ನಿಯಮಗಳನ್ನು ಮದ್ರಾಸ್ ಹೈಕೋರ್ಟ್ 2016ರಲ್ಲಿ ಸೇರಿಸಿಕೊಂಡಿತ್ತು. ಶಿಸ್ತುಕ್ರಮ ವಕೀಲರ ಪರಿಷತ್ತಿಗೆ ಸಂಸತ್ತು ಕೊಟ್ಟ ಕೆಲಸ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಆ ನಿಯಮಗಳನ್ನು ರದ್ದುಪಡಿಸಿತು.

ಹಾಗಾದರೆ ಲೇಖನಿ ಯಾರಿಗೆ?

ನನ್ನ ಉತ್ತರ ಇದು: ನಿಯಮ ಬರೆಯುವ ಲೇಖನಿ ಹೈಕೋರ್ಟುಗಳ ಕೈಯಲ್ಲೇ ಇರಬೇಕು. ಗುರಿಯನ್ನು ಶಾಸಕಾಂಗ ಹೇಳಲಿ, ಹಣವನ್ನು ಅದೇ ಒದಗಿಸಲಿ, ಕೊನೆಯ ಮಾತೂ ಅದರದೇ ಆಗಿರಲಿ. ಆದರೆ ಬರೆಯುವ ಕೆಲಸ ಬಯಲಿನಲ್ಲಿ, ಎಲ್ಲರ ಕಣ್ಣೆದುರು ನಡೆಯಬೇಕು. ಇಂದು ಕೊರತೆಯಾಗಿರುವುದು ಅಧಿಕಾರವಲ್ಲ, ಈ ಬಯಲು.

ಸಂಸತ್ತಿನ ಗಡುವುಗಳು ಏಕೆ ಸೋತವು ಎಂದು ಕೇಳಿದರೆ ಇದು ಅರ್ಥವಾಗುತ್ತದೆ. ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕು ಎಂದು ಕಾನೂನು ಆಯೋಗ 1987ರ ತನ್ನ 120ನೇ ವರದಿಯಲ್ಲಿ ಹೇಳಿತ್ತು. ಇಂದಿಗೂ ನಾವು ಅದರ ಅರ್ಧವನ್ನೂ ಮುಟ್ಟಿಲ್ಲ. ಒಂದು ದಿನದ ಪಟ್ಟಿಯಲ್ಲಿ ಹಿಡಿಸಲಾರದಷ್ಟು ಪ್ರಕರಣಗಳನ್ನು ಹೊತ್ತ ನ್ಯಾಯಾಧೀಶರಿಗೆ ಗಡುವು ಬರೆದುಕೊಟ್ಟ ಮಾತ್ರಕ್ಕೆ ಸಮಯ ಹುಟ್ಟುವುದಿಲ್ಲ. 2023ರಲ್ಲಿ ಕರ್ನಾಟಕ ವಿಧಾನಮಂಡಲ ಸಿಪಿಸಿಗೆ ತಿದ್ದುಪಡಿ ಅಂಗೀಕರಿಸಿ, ಸಣ್ಣ ಮತ್ತು ಅತಿಸಣ್ಣ ರೈತರ, ಆರ್ಥಿಕವಾಗಿ ದುರ್ಬಲರ ಪ್ರಕರಣಗಳಿಗೆ ಆದ್ಯತೆ ಕೊಟ್ಟು ಆರು ತಿಂಗಳಲ್ಲಿ ಮುಗಿಸುವ ಗುರಿ ಇಟ್ಟಿತು. ವಾಣಿಜ್ಯ ವ್ಯಾಜ್ಯಗಳಿಗೆ ಸಿಕ್ಕ ಗಮನ ಬಡ ರೈತರಿಗೂ ಸಿಗಬೇಕೆಂಬ ಈ ಆಶಯವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ತಾಲ್ಲೂಕು ಮಟ್ಟದಲ್ಲಿ ಹೆಚ್ಚುವರಿ ನ್ಯಾಯಾಧೀಶರು, ಬೆರಳಚ್ಚುಗಾರರು, ಅಮೀನರು ಬಾರದೆ ಆ ಆರು ತಿಂಗಳೂ 90 ದಿನಗಳ ಹಾದಿಯನ್ನೇ ಹಿಡಿಯುವ ಭಯವಿದೆ.

ಹೈಕೋರ್ಟುಗಳ ಕಡೆಯೂ ಲೋಪವಿದೆ. ಜಗನ್ನಾಥ ರಾವ್ ಸಮಿತಿಯ ಮಾದರಿಯನ್ನು ಅನುಸರಿಸಿ ಕರ್ನಾಟಕ ಹೈಕೋರ್ಟ್ ಅಧೀನ ನ್ಯಾಯಾಲಯಗಳಿಗೆ 2005ರ ಪ್ರಕರಣ ನಿರ್ವಹಣಾ ನಿಯಮಗಳನ್ನು ರೂಪಿಸಿತು. ದಾವೆಗಳನ್ನು ಸ್ವರೂಪಕ್ಕೆ ತಕ್ಕಂತೆ ವಿಂಗಡಿಸಿ ಒಂದೊಂದಕ್ಕೂ ಕಾಲದ ಗುರಿ ಇಟ್ಟ ಒಳ್ಳೆಯ ನಿಯಮಗಳವು. ಜೀವನಾಂಶದ ಅರ್ಜಿಗೂ ಪಾಲುದಾವೆಗೂ ಒಂದೇ ಗಡುವು ಹೊಂದದು ಎಂಬ ತಿಳಿವಳಿಕೆ ಅವುಗಳಲ್ಲಿದೆ. ಆದರೆ ಅಂಥ ನಿಯಮ ಇದೆಯೆಂದು ಎಷ್ಟು ಕಕ್ಷಿದಾರರಿಗೆ ಗೊತ್ತು? ಅದರ ಗುರಿ ಎಷ್ಟು ದಾವೆಗಳಲ್ಲಿ ಮುಟ್ಟಿತು ಎಂಬ ಲೆಕ್ಕವನ್ನು ಜನರ ಮುಂದೆ ಪ್ರತಿ ವರ್ಷ ಇಡುವ ಹೊಣೆ ಯಾರದು?

ಅಮೆರಿಕದ ಫೆಡರಲ್ ನ್ಯಾಯಾಲಯಗಳ ವ್ಯವಸ್ಥೆ ಇಲ್ಲಿ ಕಲಿಯಲು ಯೋಗ್ಯ. 1934ರ ಕಾಯ್ದೆಯಿಂದ ಅಲ್ಲಿನ ಕಾಂಗ್ರೆಸ್ ನಿಯಮ ರಚನೆಯನ್ನು ಸುಪ್ರೀಂ ಕೋರ್ಟಿಗೆ ಒಪ್ಪಿಸಿದೆ. ಯಾರ ಮೂಲ ಹಕ್ಕನ್ನೂ ನಿಯಮ ಕುಗ್ಗಿಸಬಾರದು, ಹಿಗ್ಗಿಸಬಾರದು ಎಂಬ ಷರತ್ತಿದೆ. ಕರಡು ಬಹಿರಂಗವಾಗಿ ಪ್ರಕಟವಾಗುತ್ತದೆ, ಯಾರು ಬೇಕಾದರೂ ಅಭಿಪ್ರಾಯ ಹೇಳಬಹುದು, ಸಮಿತಿಯ ಸಭೆಗಳು ತೆರೆದ ಬಾಗಿಲಿನಲ್ಲಿ ನಡೆಯುತ್ತವೆ. ನ್ಯಾಯಾಲಯ ಒಪ್ಪಿದ ನಿಯಮ ಮೇ 1ರೊಳಗೆ ಕಾಂಗ್ರೆಸ್ ಮುಂದೆ ಹೋಗುತ್ತದೆ. ಕಾಂಗ್ರೆಸ್ ತಡೆಯದಿದ್ದರೆ ಡಿಸೆಂಬರ್ 1ರಿಂದ ಜಾರಿ. ತಡೆಯುವ ಅಧಿಕಾರ ಹೆಸರಿಗೆ ಮಾತ್ರವಲ್ಲ. 1973ರಲ್ಲಿ ಸಾಕ್ಷ್ಯ ನಿಯಮಗಳನ್ನು ಕಾಂಗ್ರೆಸ್ ತಡೆಹಿಡಿದು, ತಿದ್ದಿ, ತಾನೇ ಅಂಗೀಕರಿಸಿತು; 1975ರಲ್ಲಿ ಅವು ಕಾಯ್ದೆಯಾದವು.

ನಮ್ಮಲ್ಲಿ ಇದಕ್ಕೆ ಹೊಸ ಸಂವಿಧಾನ ಬೇಕಿಲ್ಲ. 122ರಿಂದ 128ರವರೆಗಿನ ಕಲಮುಗಳನ್ನು ಜೀವಂತವಾಗಿಸಿದರೆ ಸಾಕು. ಕರಡನ್ನು ಮುಂಚಿತವಾಗಿ ಪ್ರಕಟಿಸಬೇಕು ಎಂದು ಕಾನೂನೇ ಹೇಳುತ್ತದೆ. ಪ್ರಕಟಣೆಯೆಂದರೆ ರಾಜ್ಯಪತ್ರದ ಮೂಲೆ ಎಂದಷ್ಟೇ ಅರ್ಥ ಮಾಡಿಕೊಳ್ಳಬಾರದು. ಪ್ರತಿ ಕರಡೂ ಕನ್ನಡದಲ್ಲಿ ಬರಲಿ, ಪ್ರತಿ ತಾಲ್ಲೂಕು ನ್ಯಾಯಾಲಯದ ನೋಟಿಸ್ ಬೋರ್ಡಿನಲ್ಲಿ, ವಕೀಲರ ಸಂಘದಲ್ಲಿ, ಹೈಕೋರ್ಟಿನ ಜಾಲತಾಣದಲ್ಲಿ ಇರಲಿ. ಆಕ್ಷೇಪಣೆಗೆ ಸಾಕಷ್ಟು ದಿನ ಸಿಗಲಿ. ಬಂದ ಆಕ್ಷೇಪಣೆಗಳಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಏಕೆ ಬಿಟ್ಟರು ಎಂದು ಒಂದು ಪುಟದ ಕಾರಣ ಬರೆಯಲಿ. ನಿಯಮ ಸಮಿತಿಯಲ್ಲಿ ಕಕ್ಷಿದಾರರ ಪರವಾಗಿ ಮಾತಾಡುವವರಿಗೆ ಒಂದು ಜಾಗವನ್ನು ಸಂಸತ್ತು 123ನೇ ಕಲಮಿಗೆ ಸೇರಿಸಲಿ. ಕಾನೂನು ಸೇವಾ ಪ್ರಾಧಿಕಾರದ ಮೂಲಕ ಬಡವರ ಪ್ರಕರಣ ನೋಡಿದವರು ಅಲ್ಲಿ ಕುಳಿತರೆ ಚರ್ಚೆಯ ದಿಕ್ಕೇ ಬದಲಾಗುತ್ತದೆ.

ಶಾಸಕಾಂಗಕ್ಕೂ ಒಂದು ಕಟ್ಟಳೆ ಇರಲಿ. ಗಡುವಿನ ಕಾನೂನು ತರುವ ಮುನ್ನ ಅದನ್ನು ಪಾಲಿಸಲು ಎಷ್ಟು ನ್ಯಾಯಾಧೀಶರು, ಎಷ್ಟು ಸಿಬ್ಬಂದಿ, ಎಷ್ಟು ಹಣ ಬೇಕು ಎಂದು ಹೈಕೋರ್ಟನ್ನು ಕೇಳಿ, ಆ ಅಂದಾಜನ್ನು ಮಸೂದೆಯ ಜತೆಗೇ ಸದನದ ಮುಂದಿಡಲಿ. ಅದಿಲ್ಲದ ಗಡುವಿಗೆ ನಮ್ಮ ಪ್ರತಿನಿಧಿಗಳು ಕೈಯೆತ್ತಬಾರದು. ಹಾಗೆಯೇ, ಸಂಸತ್ತಿನ ಗಡುವನ್ನು ಮೀರಲು ಬಿಟ್ಟ ನ್ಯಾಯಾಲಯ ಅದಕ್ಕೆ ನಿಜವಾದ ಕಾರಣವನ್ನು ಆರ್ಡರ್ ಶೀಟಿನಲ್ಲಿ ಬರೆಯಲಿ. ‘ಕಾಲಾವಕಾಶ ನೀಡಿದೆ’ ಎಂಬ ಎರಡು ಪದ ಸಾಲದು. ಕೈಲಾಶ್ ತೀರ್ಪು ಕೇಳಿದ್ದೂ ಇಷ್ಟನ್ನೇ.

ಶಾಸಕಾಂಗ ದೊಡ್ಡದೋ ನ್ಯಾಯಾಂಗ ದೊಡ್ಡದೋ ಎಂಬ ಪೈಪೋಟಿಯಲ್ಲಿ ಕಕ್ಷಿದಾರರಿಗೆ ಆಸಕ್ತಿಯಿಲ್ಲ. ತನ್ನ ಪಾಲಿನ ಜಮೀನು ತಾನು ಬದುಕಿರುವಾಗಲೇ ಕೈಸೇರುವುದೇ ಎಂದು ಆ ಹೆಣ್ಣುಮಗಳು ಕೇಳುತ್ತಿದ್ದಾಳೆ. ನಿಯಮ ಬರೆಯುವ ಮೇಜಿನ ಬಳಿ ಅವಳ ದನಿ ಈವರೆಗೆ ಇರಲಿಲ್ಲ. ಅದನ್ನು ಅಲ್ಲಿಗೆ ತರುವ ಹೊಣೆ ಹೈಕೋರ್ಟಿನದೂ ವಿಧಾನಸೌಧದ್ದೂ ಹೌದು. ಮುಂದಿನ ಕರಡು ನಿಯಮ ಪ್ರಕಟವಾದಾಗ ಓದಿ ಆಕ್ಷೇಪಣೆ ಬರೆಯುವ ಹೊಣೆ ನಮ್ಮದು.